ಉಂಗುರ, ರೈಲು ಟಿಕೆಟ್ ಮತ್ತು ಮೈಸೂರಿನವರ ಉತ್ತರ

ಬೆನ್ ಎಂಬಾತ ಕೆಲಸದ ಮೇಲೆ ಲಾಸ್ ಏಂಜಲಿಸ್‌ಗೆ ಬಂದಿದ್ದಾನೆ. ಕೆಲಸ ಮುಗಿದಿದೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆತನ ಪ್ರಾಣಸ್ನೇಹಿತನ ಮದುವೆ. ಮದುವೆಯ ಉಂಗುರಗಳು ಇವನ ಬಳಿಯೇ ಇವೆ. ಮುಂದಿನ ರೈಲು ಹಿಡಿದರೆ ಮಾತ್ರ ಹೊತ್ತಿಗೆ ಸರಿಯಾಗಿ ತಲುಪಿಸಬಹುದು. ಆದರೆ ನಿಲ್ದಾಣದಲ್ಲಿ ಆತನ ಪರ್ಸು ಕಳುವಾಗುತ್ತದೆ. ಹಣವೂ ಹೋಯಿತು, ಟಿಕೆಟ್ಟೂ ಹೋಯಿತು. ರೈಲ್ವೆಯವರನ್ನು ಕೇಳಿದ, ಪ್ರಯಾಣಿಕರನ್ನು ಬೇಡಿದ. ಗುರುತು ಪರಿಚಯ ಇಲ್ಲದವನಿಗೆ ಸಾಲ ಕೊಡುವವರಾರು? ಸೋತು ಬೆಂಚಿನ ಮೇಲೆ ಕುಳಿತಾಗ ಪಕ್ಕದಲ್ಲಿದ್ದ ಠಾಕುಠೀಕಿನ ಮನುಷ್ಯನೊಬ್ಬ ತನ್ನ ಕೋಟನ್ನು ಅಲ್ಲೇ ಬಿಟ್ಟು ಒಂದು ನಿಮಿಷ ಎದ್ದು ಹೋಗುತ್ತಾನೆ. ಕೋಟಿನ ಜೇಬಿನಿಂದ ಸ್ಯಾನ್‌ಫ್ರಾನ್ಸಿಸ್ಕೊದ ಟಿಕೆಟ್ ಇಣುಕುತ್ತಿದೆ. ಇನ್ನೊಂದು ಟಿಕೆಟ್ ಕೊಳ್ಳಲು ಬೇಕಾದುದಕ್ಕಿಂತ ಹೆಚ್ಚಿನ ಹಣವೂ ಆ ಕೋಟಿನಲ್ಲೇ ಇರುವುದು ಬೆನ್‌ಗೆ ಕಾಣುತ್ತಿದೆ.

ಬೆನ್ ಈಗ ಏನು ಮಾಡಬೇಕು? ಟಿಕೆಟ್ ತೆಗೆದುಕೊಂಡು ಹೋಗಿ ಗೆಳೆಯನಿಗೆ ಉಂಗುರ ತಲುಪಿಸಬೇಕೆ? ಅಥವಾ ಮದುವೆಗೆ ಉಂಗುರ ತಲುಪದಿದ್ದರೂ ಸರಿ, ಪರರ ವಸ್ತುವನ್ನು ಮುಟ್ಟದೆ ಕುಳಿತಿರಬೇಕೆ? ಮೂರನೆಯ ದಾರಿಗೆ ಕಥೆಯಲ್ಲಿ ಎಡೆಯಿಲ್ಲ.

ಇಂಥ ಹಲವು ಕಥೆಗಳನ್ನು ಹೆಣೆದು ಜನರ ಮುಂದಿಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಜೋನ್ ಮಿಲ್ಲರ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಬರ್ಸಾಫ್. ಕೇಳಿದ್ದು ಎರಡು ಊರುಗಳಲ್ಲಿ. ಒಂದು, ಯೇಲ್ ವಿಶ್ವವಿದ್ಯಾಲಯ ಇರುವ ಅಮೆರಿಕದ ನ್ಯೂ ಹೇವನ್. ಇನ್ನೊಂದು ನಮ್ಮ ಮೈಸೂರು. ಮಕ್ಕಳನ್ನೂ ಕೇಳಿದರು, ದೊಡ್ಡವರನ್ನೂ ಕೇಳಿದರು. 1992ರಲ್ಲಿ ಪ್ರಕಟವಾದ ಫಲಿತಾಂಶ ನೈತಿಕ ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಚರ್ಚೆಗೆ ಬರುತ್ತದೆ. ಗೆಳೆಯನಿಗೆ ಕೊಟ್ಟ ಮಾತು ಮೊದಲು, ಉಂಗುರ ತಲುಪಲೇಬೇಕು ಎಂಬ ಕಡೆಗೆ ವಾಲಿದವರು ಮೈಸೂರಿನವರಲ್ಲೇ ಬಹಳ ಹೆಚ್ಚು. ಅಮೆರಿಕನ್ನರಲ್ಲಿ ಹೆಚ್ಚಿನವರು ಪರರ ಟಿಕೆಟ್ ಮುಟ್ಟುವುದು ತಪ್ಪು ಎಂಬಲ್ಲಿಗೆ ನಿಂತರು.

ಅಂತೂ ಮೈಸೂರಿನವರು ಕಳ್ಳತನಕ್ಕೆ ಸೈ ಅಂದರೇ ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ. ಆದರೆ ಫಲಿತಾಂಶದ ತಿರುಳು ಅದಲ್ಲ. ಕದಿಯುವುದು ತಪ್ಪು ಎಂಬುದನ್ನು ಮೈಸೂರಿನವರೂ ಒಪ್ಪಿದ್ದರು. ವ್ಯತ್ಯಾಸ ಇದ್ದದ್ದು ಗೆಳೆಯನ ವಿಷಯದಲ್ಲಿ. ಅಮೆರಿಕನ್ನರ ದೃಷ್ಟಿಯಲ್ಲಿ ಉಂಗುರ ತಲುಪಿಸುವುದು ಒಳ್ಳೆಯ ಕೆಲಸ, ಮೆಚ್ಚತಕ್ಕ ಕೆಲಸ. ಆದರೆ ಕೊನೆಗೆ ಅದು ಅವನವನ ಇಷ್ಟಕ್ಕೆ ಬಿಟ್ಟ ಸಂಗತಿ. ಕದಿಯದಿರುವುದು ಮಾತ್ರ ಕಡ್ಡಾಯ. ಒಂದು ತಟ್ಟೆಯಲ್ಲಿ ಕಡ್ಡಾಯ, ಇನ್ನೊಂದರಲ್ಲಿ ಇಷ್ಟ. ತಕ್ಕಡಿ ಎತ್ತ ವಾಲಬೇಕೆಂಬುದರಲ್ಲಿ ಗೊಂದಲವೇ ಇಲ್ಲ. ಮೈಸೂರಿನವರಿಗೆ ಎರಡೂ ಕಡ್ಡಾಯ. ಹಾಗಾಗಿ ಅವರ ಮುಂದಿದ್ದದ್ದು ನಿಜವಾದ ಧರ್ಮಸಂಕಟ. ಕಥೆ ಒಂದೇ; ಕೇಳಿಸಿಕೊಂಡವರು ಕೇಳಿಸಿಕೊಂಡ ಪ್ರಶ್ನೆ ಬೇರೆ ಬೇರೆ.

ಈ ಫಲಿತಾಂಶಕ್ಕೆ ಅಷ್ಟೊಂದು ಮಹತ್ವ ಬಂದದ್ದೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1950ರ ದಶಕದ ಕೊನೆಯಲ್ಲಿ ಲಾರೆನ್ಸ್ ಕೋಲ್‌ಬರ್ಗ್ ಎಂಬ ಸಂಶೋಧಕರು ಚಿಕಾಗೊದಲ್ಲಿ ಹುಡುಗರಿಗೆ ಕಥೆಗಳನ್ನು ಹೇಳಿ, ಅವರ ಉತ್ತರಗಳನ್ನು ಆಧರಿಸಿ ನೈತಿಕ ಬೆಳವಣಿಗೆಯ ಏಣಿಯೊಂದನ್ನು ಕಟ್ಟಿದರು. ಅವರ ಪ್ರಸಿದ್ಧ ಕಥೆಯ ನಾಯಕ ಹೈನ್ಸ್. ಅವನ ಹೆಂಡತಿಗೆ ಪ್ರಾಣಾಂತಿಕ ಕ್ಯಾನ್ಸರ್. ಊರಿನ ಔಷಧ ವ್ಯಾಪಾರಿಯ ಬಳಿ ಮದ್ದಿದೆ. ತಯಾರಿಸಲು ತಗಲುವುದು 200 ಡಾಲರ್, ಅವನು ಹೇಳುವ ಬೆಲೆ 2000. ಹೈನ್ಸ್‌ಗೆ ಅವರಿವರನ್ನು ಕಾಡಿ ಒಟ್ಟುಗೂಡಿಸಲು ಆದದ್ದು ಸುಮಾರು 1000 ಮಾತ್ರ. ಉಳಿದದ್ದನ್ನು ಆಮೇಲೆ ಕೊಡುತ್ತೇನೆಂದರೂ ವ್ಯಾಪಾರಿ ಒಪ್ಪುವುದಿಲ್ಲ. ಹೈನ್ಸ್ ಅಂಗಡಿಯ ಬಾಗಿಲು ಮುರಿದು ಮದ್ದು ಕದಿಯುತ್ತಾನೆ. ಸರಿಯೋ ತಪ್ಪೋ?

ಸರಿ ಎಂದರೂ ತಪ್ಪೆಂದರೂ ಕೋಲ್‌ಬರ್ಗ್‌ಗೆ ಅಡ್ಡಿಯಿಲ್ಲ. ಅವರು ನೋಡುತ್ತಿದ್ದದ್ದು ಕಾರಣವನ್ನು. ಜೈಲಿಗೆ ಹಾಕುತ್ತಾರೆ, ಅದಕ್ಕೇ ತಪ್ಪು ಎಂದವನು ಮೊದಲ ಮೆಟ್ಟಿಲಿನವನು. ಒಳ್ಳೆಯ ಗಂಡನಾದವನು ಹೀಗೇ ಮಾಡಬೇಕು ಎಂದರೆ ಮೂರನೆಯ ಮೆಟ್ಟಿಲು. ಕಾನೂನು ಎಂದರೆ ಕಾನೂನು ಎಂದರೆ ನಾಲ್ಕು. ಮನುಷ್ಯರ ಹಕ್ಕು, ಸಾಮಾಜಿಕ ಒಪ್ಪಂದ, ಎಲ್ಲರಿಗೂ ಎಲ್ಲೆಲ್ಲೂ ಸಲ್ಲುವ ನ್ಯಾಯತತ್ತ್ವ ಎಂದು ವಾದಿಸಿದವರು ಐದಕ್ಕೆ, ಆರಕ್ಕೆ ಏರುತ್ತಾರೆ. ಆರನೆಯ ಮೆಟ್ಟಿಲಿನವರು ಎಷ್ಟು ವಿರಳವೆಂದರೆ, ಅಂಕ ಕೊಡುವ ಕೈಪಿಡಿಯಿಂದ ಕೊನೆಗೆ ಆ ಮೆಟ್ಟಿಲನ್ನೇ ಕೈಬಿಡಬೇಕಾಯಿತು.

ಈ ಏಣಿಯನ್ನು ಹೊತ್ತು ಸಂಶೋಧಕರು ಜಗತ್ತಿನ ಮೂಲೆಮೂಲೆಗೂ ಹೋದರು. 1985ರಲ್ಲಿ ಜಾನ್ ಸ್ನೇರಿ 27 ಪ್ರದೇಶಗಳಲ್ಲಿ ನಡೆದ 45 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕೆಳಗಿನ ಮೆಟ್ಟಿಲುಗಳು ಎಲ್ಲ ಕಡೆಯೂ ಕಂಡವು. ಮೇಲಿನ ಮೆಟ್ಟಿಲುಗಳು ಹಳ್ಳಿಗಾಡಿನ, ಬುಡಕಟ್ಟಿನ ಸಮಾಜಗಳಲ್ಲಿ ಕಾಣಲೇ ಇಲ್ಲ. ಇದರಿಂದ ಎರಡು ತೀರ್ಮಾನಗಳಿಗೆ ಬರಬಹುದು. ಆ ಜನರ ನೀತಿಪ್ರಜ್ಞೆ ಬೆಳೆದಿಲ್ಲ ಎನ್ನಬಹುದು. ಏಣಿಯನ್ನು ಕಟ್ಟಿದ ಬಡಗಿಯ ಅಳತೆಗೋಲಿನಲ್ಲೇ ಏನೋ ಕೊರತೆಯಿದೆ ಎಂದೂ ಹೇಳಬಹುದು. ಬೆನ್‌ನ ಕಥೆಗೆ ಮೈಸೂರಿನವರು ಕೊಟ್ಟ ಉತ್ತರವನ್ನು ಈ ಏಣಿಗೆ ಒರಗಿಸಿದರೆ ಅದು ಹೆಚ್ಚೆಂದರೆ ಮೂರನೆಯ ಮೆಟ್ಟಿಲಿನಲ್ಲಿ ನಿಲ್ಲುತ್ತದೆ. ಒಂದು ಊರಿನ ಕಾಲೇಜು ಕಲಿತ ವಯಸ್ಕರು ಇನ್ನೊಂದು ಊರಿನ ಹೈಸ್ಕೂಲು ಹುಡುಗರ ಸಾಲಿನಲ್ಲಿ ಕೂರಬೇಕಾಗುತ್ತದೆ!

ಏಣಿಯ ಬಗ್ಗೆ ಮೊದಲು ದೊಡ್ಡ ದನಿಯಲ್ಲಿ ತಕರಾರು ತೆಗೆದವರು ಹಾರ್ವರ್ಡ್‌ನಲ್ಲಿ ಕೋಲ್‌ಬರ್ಗ್ ಜೊತೆಗೇ ಕೆಲಸ ಮಾಡಿದ್ದ ಕ್ಯಾರಲ್ ಗಿಲ್ಲಿಗನ್. ಹೈನ್ಸ್ ಕಥೆ ಕೇಳಿದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಹಕ್ಕು, ಆಸ್ತಿ ಎಂದೆಲ್ಲ ಲೆಕ್ಕ ಹಾಕದೆ, ಅವರಿಬ್ಬರೂ ಕೂತು ಮಾತಾಡಿಕೊಳ್ಳಬೇಕಿತ್ತು ಎಂಬ ಅರ್ಥದ ಉತ್ತರ ಕೊಟ್ಟಿದ್ದಳು. ಏಣಿಯ ಪ್ರಕಾರ ಅವಳಿಗೆ ಕಡಿಮೆ ಅಂಕ. ಅವಳಾಡುತ್ತಿರುವುದು ಬೇರೆಯೇ ನೀತಿಭಾಷೆ, ಕಾಳಜಿಯ ಭಾಷೆ ಎಂದು ಗಿಲ್ಲಿಗನ್ 1982ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅನಂತರದ ಅಧ್ಯಯನಗಳಲ್ಲಿ ಗಂಡು ಹೆಣ್ಣಿನ ನಡುವಿನ ಅಂತರ ಅವರು ತಿಳಿದಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೂ ಅವರೆತ್ತಿದ ಪ್ರಶ್ನೆ ಉಳಿಯಿತು.

ಇತ್ತ ಚಿಕಾಗೊ ವಿಶ್ವವಿದ್ಯಾಲಯದಲ್ಲಿ ಇದೇ ಪ್ರಶ್ನೆ ಇನ್ನೊಂದು ಬಾಗಿಲಿನಿಂದ ಒಳಬರುತ್ತಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ಮೈಸೂರಿನ ಎ.ಕೆ. ರಾಮಾನುಜನ್ 1989ರಲ್ಲಿ, ಭಾರತೀಯ ಆಲೋಚನಾಕ್ರಮ ಎಂಬುದೊಂದು ಇದೆಯೇ ಎಂದು ಕೇಳುವ ಪ್ರಬಂಧವೊಂದನ್ನು ಪ್ರಕಟಿಸಿದರು. ಗಣಿತದ ಪ್ರಾಧ್ಯಾಪಕರೂ ಹೌದು, ಜ್ಯೋತಿಷ್ಯ ಬಲ್ಲವರೂ ಹೌದು ಎಂಬಂತಿದ್ದ ತಮ್ಮ ತಂದೆಯನ್ನು ನೆನೆಯುತ್ತ ಅವರು ಮುಂದಿಟ್ಟ ವಿಚಾರ ಇದು: ಎಲ್ಲ ಸಮಾಜಗಳಲ್ಲೂ ಸಂದರ್ಭ ನೋಡಿ ನಡೆಯುವವರಿದ್ದಾರೆ, ಆದರೆ ಕೆಲವು ಸಂಸ್ಕೃತಿಗಳು ಸಂದರ್ಭವನ್ನು ಮೀರಿದ ನಿಯಮವನ್ನು ಆದರ್ಶವೆಂದು ಎತ್ತಿ ಹಿಡಿಯುತ್ತವೆ, ಇನ್ನು ಕೆಲವು ಸಂದರ್ಭವನ್ನೇ ನಿಯಮದೊಳಗೆ ಹೆಣೆಯುತ್ತವೆ. ಯಾರು, ಯಾರಿಗೆ, ಯಾವಾಗ, ಎಲ್ಲಿ ಎಂಬುದನ್ನು ಕೇಳದೆ ಧರ್ಮವನ್ನು ಹೇಳಲಾಗದು.

ಅದೇ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್, ಮನಮೋಹನ ಮಹಾಪಾತ್ರ ಮತ್ತು ಜೋನ್ ಮಿಲ್ಲರ್ ಜೊತೆಗೂಡಿ ಒಡಿಶಾದ ಭುವನೇಶ್ವರದ ಹಳೆಯ ದೇವಾಲಯ ಬಡಾವಣೆಯಲ್ಲಿ ಬ್ರಾಹ್ಮಣರನ್ನೂ ಅಸ್ಪೃಶ್ಯರೆನಿಸಿದ್ದ ಜಾತಿಗಳವರನ್ನೂ ಮಾತಾಡಿಸಿದರು. ಚಿಕಾಗೊದವರನ್ನೂ ಕೇಳಿದರು. ಮುಂದಿಟ್ಟದ್ದು 39 ಸನ್ನಿವೇಶಗಳು. ಭುವನೇಶ್ವರದವರ ಪಟ್ಟಿಯಲ್ಲಿ ಅತಿ ಘೋರವೆನಿಸಿದ್ದು ಕೊಲೆ ದರೋಡೆಯಂಥದ್ದಲ್ಲ. ತಂದೆ ತೀರಿಕೊಂಡ ಮಾರನೆಯ ದಿನ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ ಎಂಬುದು! ಚಿಕಾಗೊದವರಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. ವಿಧವೆಯೊಬ್ಬಳು ವಾರಕ್ಕೆರಡು ಮೂರು ಸಲ ಮೀನು ತಿನ್ನುವುದು ಅಲ್ಲಿ ಪಾಪ, ಇಲ್ಲಿ ಅವಳ ಊಟದ ವಿಷಯ. ಹೇಳದೆ ಸಿನಿಮಾಕ್ಕೆ ಹೋದ ಹೆಂಡತಿಯನ್ನು ಎಚ್ಚರಿಕೆ ಕೊಟ್ಟ ಮೇಲೂ ಮತ್ತೆ ಹೋದಳೆಂದು ಗಂಡ ಬಡಿದದ್ದು ಚಿಕಾಗೊದವರಿಗೆ ಅಕ್ಷಮ್ಯ. ಭುವನೇಶ್ವರದಲ್ಲಿ ಅದನ್ನು ಸಮರ್ಥಿಸುವವರು ಸಿಕ್ಕರು. 1987ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದವರನ್ನು ಈ ಕೊನೆಯ ಸಂಗತಿ ಚುಚ್ಚದೆ ಬಿಡುವುದಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಮಿಲ್ಲರ್ ಅವರಿಗೆ ಮೈಸೂರು ಹೊಸದಾಗಿರಲಿಲ್ಲ. 1984ರಲ್ಲೇ ಅವರು ಚಿಕಾಗೊ ಮತ್ತು ಮೈಸೂರಿನ ಎಂಟು, ಹನ್ನೊಂದು, ಹದಿನೈದು ವರ್ಷದ ಮಕ್ಕಳನ್ನೂ ವಯಸ್ಕರನ್ನೂ ಹೋಲಿಸಿದ್ದರು. ತಿಳಿದವರೊಬ್ಬರು ಮಾಡಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಹೇಳಿ, ಯಾಕೆ ಹಾಗೆ ಮಾಡಿದರು ಎಂಬ ಕಾರಣ ಕೊಡಿ ಎಂಬುದು ಪ್ರಶ್ನೆ. ಒಬ್ಬರು ಹೇಳಿದ್ದು ವಕೀಲನೊಬ್ಬನ ಕಥೆ. ಮೋಟಾರ್‌ಬೈಕಿನಲ್ಲಿ ಹಿಂದೆ ಒಬ್ಬನನ್ನು ಕೂರಿಸಿಕೊಂಡು ಹೋಗುವಾಗ ಅಪಘಾತ. ಹಿಂದೆ ಕುಳಿತವನಿಗೆ ಪೆಟ್ಟು. ವಕೀಲ ಅವನನ್ನು ಆಸ್ಪತ್ರೆಗೆ ಮುಟ್ಟಿಸಿ, ವೈದ್ಯರಿಗೆ ಗಾಯದ ಗಂಭೀರತೆಯನ್ನೂ ತಿಳಿಸದೆ, ಕೋರ್ಟಿಗೆ ಹೋಗಿಬಿಟ್ಟ. ಗಾಯಾಳು ಬದುಕಲಿಲ್ಲ. ಇದಕ್ಕೆ ಅಮೆರಿಕನ್ನರು ಕೊಡುವ ಕಾರಣ ಆ ಮನುಷ್ಯನ ಒಳಗಿನದು: ಆತ ಬೇಜವಾಬ್ದಾರಿ, ಸ್ವಾರ್ಥಿ, ತನ್ನ ಏಳಿಗೆಯೇ ಮುಖ್ಯ. ಭಾರತೀಯರು ಕೊಡುವ ಕಾರಣ ಸುತ್ತಮುತ್ತಲಿನದು: ಕಕ್ಷಿದಾರ ಕಾದಿದ್ದ, ಕೋರ್ಟಿಗೆ ಹೋಗಬೇಕಾದ್ದು ಅವನ ಕರ್ತವ್ಯ, ಅಪಘಾತದಿಂದ ಗಾಬರಿಯಾಗಿದ್ದಿರಬಹುದು, ಗಾಯ ಅಷ್ಟು ಗಂಭೀರವಾಗಿ ಕಂಡಿರಲಿಕ್ಕಿಲ್ಲ. ಇನ್ನೂ ಸ್ವಾರಸ್ಯದ ಮಾತೆಂದರೆ ಎಂಟು ವರ್ಷದ ಮಕ್ಕಳಲ್ಲಿ ಎರಡು ಊರುಗಳ ನಡುವೆ ಹೆಚ್ಚಿನ ವ್ಯತ್ಯಾಸವೇ ಕಾಣಲಿಲ್ಲ. ವಯಸ್ಸು ಏರಿದಂತೆ ಅಮೆರಿಕನ್ನರು ಗುಣಸ್ವಭಾವದ ಕಡೆಗೂ ಮೈಸೂರಿನವರು ಸಂದರ್ಭದ ಕಡೆಗೂ ಸರಿಯುತ್ತ ಹೋದರು. ಎಂದರೆ ಇದು ಹುಟ್ಟಿನಿಂದ ಬಂದದ್ದಲ್ಲ. ಅಂಗಳದಲ್ಲಿ, ಜಗಲಿಯಲ್ಲಿ, ದೊಡ್ಡವರ ಮಾತು ಕೇಳುತ್ತ ಕಲಿತದ್ದು.

1990ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪ್ರಶ್ನೆ ಸಹಾಯದ್ದು. ಜೀವಕ್ಕೇ ಅಪಾಯವಿರುವಾಗ ನೆರವಾಗಲೇಬೇಕು ಎಂಬುದರಲ್ಲಿ ಎರಡೂ ಊರಿನವರಿಗೆ ಒಮ್ಮತ. ಆದರೆ ಅಗತ್ಯ ಚಿಕ್ಕದಾದಂತೆ, ಕೇಳುವವನು ದೂರದವನಾದಂತೆ ಅಮೆರಿಕನ್ನರು ‘ಅದು ಅವನ ಇಷ್ಟ’ ಎನ್ನತೊಡಗಿದರು. ಮೈಸೂರಿನವರು ಚಿಕ್ಕ ಅಗತ್ಯಕ್ಕೂ ಕರ್ತವ್ಯ ಎಂಬ ಮಾತನ್ನೇ ಬಳಸಿದರು. 1998ರ ಮತ್ತೊಂದು ಲೇಖನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿತು: ಒಡಹುಟ್ಟಿದವನೇ ಆದರೂ ಅವನನ್ನು ಕಂಡರೆ ಅಷ್ಟಕ್ಕಷ್ಟೇ ಅಂದುಕೊಳ್ಳಿ, ಆಗಲೂ ಸಹಾಯ ಮಾಡಬೇಕಾದ ಹೊಣೆ ಅಷ್ಟೇ ಇರುತ್ತದೆಯೇ? ಅಮೆರಿಕನ್ನರ ದೃಷ್ಟಿಯಲ್ಲಿ ಹೊಣೆ ತಗ್ಗಿತು. ಭಾರತೀಯರ ದೃಷ್ಟಿಯಲ್ಲಿ ಇಷ್ಟಾನಿಷ್ಟಕ್ಕೂ ಹೊಣೆಗೂ ಸಂಬಂಧ ಬೀಳಲಿಲ್ಲ. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ಹತ್ತು ವರ್ಷವಾಗಿದ್ದರೂ ಮನೆಯಲ್ಲಿ ಸಾವಾದರೆ ಹೆಗಲು ಕೊಡಲು ಬರುವುದು ತಪ್ಪುವುದಿಲ್ಲ.

ಅಷ್ಟಕ್ಕೂ ಈ ನಂಟಿನ ಹೊಣೆಗೆ ಕನ್ನಡದಲ್ಲಿರುವ ಮಾತುಗಳನ್ನೇ ನೋಡಿ. ಋಣ, ಹಂಗು, ಮುಲಾಜು, ದಾಕ್ಷಿಣ್ಯ. ಋಣ ಹುಟ್ಟಿನಿಂದಲೇ ತಲೆಯ ಮೇಲಿರುವಂಥದು, ತೀರಿಸಲು ಬರುವುದು, ತೀರದೆಯೂ ಉಳಿಯುವುದು. ಹಂಗು ಪಡೆದ ಉಪಕಾರದ ಭಾರ. ಅದರಲ್ಲಿ ಬದುಕುವುದನ್ನು ಯಾರೂ ಬಯಸುವುದಿಲ್ಲ. ಮುಲಾಜು ಎದುರಿಗಿರುವವರ ಮುಖ ನೋಡಿ ಮಣಿಯುವುದು. ಮುಲಾಜಿಲ್ಲದೆ ಮಾತಾಡುವವನೆಂದರೆ ಬೈಗುಳವೂ ಹೌದು, ಹೊಗಳಿಕೆಯೂ ಹೌದು. ಇನ್ನು ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆಯಂತೂ ಎಲ್ಲರಿಗೂ ಗೊತ್ತು. ಸಂಬಂಧದ ಕಟ್ಟುಪಾಡನ್ನು ಇಷ್ಟು ನಯವಾಗಿ ವಿಂಗಡಿಸಿಕೊಂಡ ಭಾಷೆಯ ಜನ ಅದನ್ನು ಕಣ್ಣು ಮುಚ್ಚಿ ಪೂಜಿಸುತ್ತಿದ್ದಾರೆ ಎನ್ನಲಾಗದು. ಅದರ ಉಸಿರುಗಟ್ಟುವ ಮುಖವನ್ನೂ ಅವರು ಬಲ್ಲರು.

ಏಣಿಗೆ ಇನ್ನೊಂದು ಪೆಟ್ಟು ಬಿದ್ದದ್ದು ಜೊನಾಥನ್ ಹೈಟ್ ಅವರಿಂದ. 1993ರಲ್ಲಿ ಬ್ರೆಜಿಲ್‌ನ ಇಬ್ಬರು ಸಹೋದ್ಯೋಗಿಗಳೊಂದಿಗೆ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಫಿಲಡೆಲ್ಫಿಯಾ, ರೆಸಿಫೆ ಮತ್ತು ಪೋರ್ಟೊ ಅಲೆಗ್ರೆ ನಗರಗಳ ಬಡವರನ್ನೂ ಅನುಕೂಲಸ್ಥರನ್ನೂ ಕೇಳಲಾಗಿತ್ತು. ಕಥೆಗಳು ವಿಚಿತ್ರ. ಕಾರಿಗೆ ಸಿಕ್ಕಿ ಸತ್ತ ಸಾಕುನಾಯಿಯನ್ನು ಮನೆಯವರೇ ಬೇಯಿಸಿ ತಿಂದರು. ಹಳೆಯ ರಾಷ್ಟ್ರಧ್ವಜವನ್ನು ತುಂಡು ಮಾಡಿ ಬಚ್ಚಲು ಒರೆಸಿದರು. ಯಾರಿಗೂ ಹಾನಿಯಾಗಿಲ್ಲ, ಯಾರೂ ನೋಡಿಲ್ಲ. ತಪ್ಪೇನು? ಯಾರಿಗೂ ಹಾನಿಯಿಲ್ಲದ ಮೇಲೆ ಅದು ಅವರವರ ವಿಷಯ ಎಂದವರು ಮುಖ್ಯವಾಗಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳು. ಅದೇ ಫಿಲಡೆಲ್ಫಿಯಾದ ಬಡವರು ತಪ್ಪು ತಪ್ಪೇ ಎಂದರು. ದೇಶ ದೇಶಗಳ ನಡುವಿನ ಅಂತರಕ್ಕಿಂತ ಒಂದೇ ಊರಿನ ಎರಡು ವರ್ಗಗಳ ನಡುವಿನ ಅಂತರ ದೊಡ್ಡದಾಗಿತ್ತು. ಪೂರ್ವ ಪಶ್ಚಿಮ ಎಂದು ಗೆರೆ ಎಳೆದು ಸುಮ್ಮನಾಗುವವರಿಗೆ ಇದು ಒಗಟು.

ಹೈಟ್ ಗಮನಿಸಿದ್ದು ಇನ್ನೂ ಒಂದುಂಟು. ತಪ್ಪು ಎಂದು ಥಟ್ಟನೆ ಹೇಳಿದವರು ಯಾಕೆ ಎಂದಾಗ ತಡಕಾಡುತ್ತಿದ್ದರು. ಒಂದು ಕಾರಣ ಕೊಟ್ಟು, ಅದು ನಿಲ್ಲದಿದ್ದಾಗ ಇನ್ನೊಂದು ಹುಡುಕಿ, ಕೊನೆಗೆ ಕಾರಣ ಗೊತ್ತಿಲ್ಲ, ಆದರೂ ತಪ್ಪು ಎಂದು ನಿಲ್ಲುತ್ತಿದ್ದರು. ತೀರ್ಮಾನ ಮೊದಲು ಮನಸ್ಸಿಗೆ ಹೊಳೆಯುತ್ತದೆ, ತರ್ಕ ಹಿಂದಿನಿಂದ ವಕೀಲನಂತೆ ಬಂದು ವಾದ ಹೂಡುತ್ತದೆ ಎಂಬ ಸಿದ್ಧಾಂತವನ್ನು ಅವರು 2001ರಲ್ಲಿ ಮುಂದಿಟ್ಟರು. ಇದು ಪೂರ್ತಿ ಸರಿಯೆಂದು ಎಲ್ಲರೂ ಒಪ್ಪಿಲ್ಲ. ಆದರೆ ಅರ್ಧ ಸರಿಯಿದ್ದರೂ ಸಾಕು, ಕೋಲ್‌ಬರ್ಗ್ ಏಣಿ ಅಳೆದದ್ದು ಜನರ ನೀತಿಯನ್ನೋ ಅವರ ವಕೀಲಿಕೆಯನ್ನೋ ಎಂಬ ಅನುಮಾನ ಏಳುತ್ತದೆ. ಹಕ್ಕು, ಒಪ್ಪಂದ, ತತ್ತ್ವ ಎಂಬ ಪದಗಳನ್ನು ಕಾಲೇಜಿನಲ್ಲಿ ಕಲಿತವನು ಸಲೀಸಾಗಿ ಐದನೆಯ ಮೆಟ್ಟಿಲು ಏರಿಬಿಡುತ್ತಾನೆ.

ಹಾಗೆಂದು ಏಣಿಯನ್ನು ಒಲೆಗೆ ಹಾಕಿ, ಅವರವರ ಊರಿನ ನೀತಿ ಅವರವರಿಗೆ ಎಂದು ಕೈ ತೊಳೆದುಕೊಳ್ಳಬಹುದೇ? ಭುವನೇಶ್ವರದ ಆ ಏಟು ತಿಂದ ಹೆಂಗಸು ಅಡ್ಡ ನಿಲ್ಲುತ್ತಾಳೆ. ಎಲಿಯಟ್ ಟ್ಯೂರಿಯೆಲ್ ಮತ್ತು ಸಂಗಡಿಗರು ಶ್ವೇಡರ್ ಅಧ್ಯಯನಕ್ಕೆ ಎತ್ತಿದ ಆಕ್ಷೇಪಗಳು ಇಲ್ಲಿ ತೂಕದವು. ಒಂದು: ಕೋಳಿ ತಿಂದ ಮಗನ ವಿಷಯದಲ್ಲಿ ಭುವನೇಶ್ವರದವರ ನೀತಿ ಬೇರೆಯಲ್ಲ, ನಂಬಿಕೆ ಬೇರೆ. ಹಾಗೆ ಮಾಡಿದರೆ ತಂದೆಯ ಆತ್ಮಕ್ಕೆ ಸದ್ಗತಿ ತಪ್ಪುತ್ತದೆ ಎಂದು ನಂಬಿದವನಿಗೆ ಅದು ಹೆತ್ತವನಿಗೆ ಮಾಡಿದ ಹಾನಿಯೇ. ಹೆತ್ತವರಿಗೆ ಹಾನಿ ಮಾಡಬಾರದೆಂದು ಚಿಕಾಗೊದವರೂ ಹೇಳುತ್ತಾರೆ. ಇನ್ನೊಂದು, ಹೆಚ್ಚು ಮುಖ್ಯವಾದದ್ದು: ಮೇಲು ಕೀಳಿನ ಸಮಾಜದಲ್ಲಿ ‘ಇದು ನಮ್ಮ ಸಂಸ್ಕೃತಿ’ ಎಂದು ಉತ್ತರ ಕೊಡುವವರು ಸಾಮಾನ್ಯವಾಗಿ ಮೇಲಿನವರು. ಕೆಳಗಿರುವವರು ಅದೇ ಪದ್ಧತಿಯನ್ನು ಪಾಲಿಸುತ್ತಲೇ ಅದನ್ನು ಅನ್ಯಾಯವೆಂದೂ ತಿಳಿದಿರುತ್ತಾರೆ. ಇಸ್ರೇಲಿನ ಡ್ರೂಜ್ ಸಮುದಾಯದ ಮಹಿಳೆಯರನ್ನು ಮಾತಾಡಿಸಿದಾಗ ಕಂಡದ್ದು ಇದೇ.

ರಾಮಾನುಜನ್ ಕೂಡ ಸಂದರ್ಭನಿಷ್ಠೆಯನ್ನು ಹಾಡಿ ಹೊಗಳಿದವರಲ್ಲ. ಒಂದೇ ಅಪರಾಧಕ್ಕೆ ಜಾತಿ ನೋಡಿ ಶಿಕ್ಷೆ ಹೇಳುವ ಮನುವೂ ಸಂದರ್ಭನಿಷ್ಠನೇ ಎಂದು ಅವರು ತೋರಿಸಿದರು. ಹುಟ್ಟು, ಪ್ರದೇಶ, ಲಿಂಗ, ಮತ ಯಾವುದನ್ನೂ ಲೆಕ್ಕಿಸದ ಭಾರತದ ಸಂವಿಧಾನ ಮನುವನ್ನು ಬುಡಮೇಲು ಮಾಡಿದೆ ಎಂದೂ ಬರೆದರು. ಬೆನ್‌ನ ಗೆಳೆತನವನ್ನು ಮೆಚ್ಚಿದ ಅದೇ ಮನಸ್ಸು, ಕಚೇರಿಯಲ್ಲಿ ಕುಳಿತ ಅಧಿಕಾರಿ ‘ನಮ್ಮ ಹುಡುಗ’ನಿಗೆ ಕೆಲಸ ಕೊಡಿಸಿದಾಗ ಏನೆನ್ನುತ್ತದೆ? ಸರತಿಯಲ್ಲಿ ಬೆಳಗಿನಿಂದ ನಿಂತವನ ಕಣ್ಣಿಗೆ ಆ ಅಧಿಕಾರಿ ಸಂಬಂಧಕ್ಕೆ ಬೆಲೆ ಕೊಟ್ಟವನಾಗಿ ಕಾಣುವುದಿಲ್ಲ. ಬೆನ್‌ನ ಕಥೆ ಕಟ್ಟಿದವರು ಕೋಟಿನ ಒಡೆಯನ ಜೇಬಿನಲ್ಲಿ ಸಾಕಷ್ಟು ದುಡ್ಡಿಟ್ಟಿದ್ದು ಸುಮ್ಮನೆ ಅಲ್ಲ. ಅವನೂ ಯಾರದೋ ಮದುವೆಗೆ ಹೊರಟವನಾಗಿದ್ದು, ಜೇಬಿನಲ್ಲಿ ಟಿಕೆಟ್ ಒಂದೇ ಇದ್ದಿದ್ದರೆ ಮೈಸೂರಿನಲ್ಲೂ ಕೆಲವರಾದರೂ ತಡೆದು ಯೋಚಿಸುತ್ತಿದ್ದರು.

ಇಲ್ಲಿನ ಪರಂಪರೆಯೂ ಒಂದೇ ದಾರಿಯದಲ್ಲ. ಕನ್ನಡದ ಮಕ್ಕಳು ಎಳವೆಯಲ್ಲೇ ಕೇಳುವ ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಮಾತು ಉಳಿಸಿಕೊಳ್ಳುವುದು ಬಂಧುವಿಗಲ್ಲ, ತನ್ನನ್ನು ತಿನ್ನಲು ಕಾದಿರುವ ಹುಲಿಗೆ. ಅದಕ್ಕಾಗಿ ಹಾಲು ಕುಡಿಯುವ ಕರುವನ್ನೇ ಬಿಟ್ಟು ಹೊರಡುತ್ತದೆ. ರಾಘವಾಂಕ ಬರೆದ ಹರಿಶ್ಚಂದ್ರ ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರುತ್ತಾನೆ. ಎರಡರಲ್ಲೂ ಕರುಳಿನ ನಂಟು ಸೋತು, ನಂಟು ಕೇಳದ ಸತ್ಯ ಗೆಲ್ಲುತ್ತದೆ. ಕೋಲ್‌ಬರ್ಗ್ ಇವರಿಗೆ ಎಷ್ಟನೆಯ ಮೆಟ್ಟಿಲು ಕೊಡುತ್ತಿದ್ದರೋ! ಬೆನ್‌ನನ್ನು ಮದುವೆಗೆ ಕಳಿಸಿದ ಮೈಸೂರಿನವರೂ ಈ ಕಥೆಗಳನ್ನು ಕೇಳುತ್ತಲೇ ಬೆಳೆದ ಊರಿನವರು.

ಮಿಲ್ಲರ್ ನಂತರ ಮೈಸೂರಿಗೆ ಬಂದು ಪ್ರಶ್ನೆ ಕೇಳಿದವರಲ್ಲಿ ಅಮೆರಿಕದ ಕ್ರಿಸ್ಟಿನ್ ನೆಫ್ ಒಬ್ಬರು. ಅವರ ಲೇಖನಗಳು 2001 ಮತ್ತು 2003ರಲ್ಲಿ ಪ್ರಕಟವಾದವು. ಅವರು ಹೇಳಿದ್ದು ರೈಲಿನ ಕಥೆಯಲ್ಲ, ಮನೆಯ ಕಥೆ. ಗಂಡ ಹೆಂಡಿರ ಇಚ್ಛೆಗಳು ಬೇರೆಯಾದಾಗ ತನ್ನಿಷ್ಟದಂತೆ ನಡೆಯಬಹುದೇ, ಇನ್ನೊಬ್ಬರಿಗಾಗಿ ಬಿಟ್ಟುಕೊಡಬೇಕೇ ಎಂದು ಮಕ್ಕಳನ್ನೂ ಯುವಕ ಯುವತಿಯರನ್ನೂ ಕೇಳಿದರು. ಭಾರತೀಯರೆಂದರೆ ಕರ್ತವ್ಯ, ಅಮೆರಿಕನ್ನರೆಂದರೆ ಸ್ವಾತಂತ್ರ್ಯ ಎಂಬ ಹಂಚಿಕೆ ಆ ಉತ್ತರಗಳಲ್ಲಿ ಉಳಿಯಲಿಲ್ಲ. ಮೈಸೂರಿನವರು ಎರಡು ಭಾಷೆಗಳನ್ನೂ ಆಡಿದರು. ಹೊಣೆಯ ಮಾತೂ ಬಂತು, ಅವರವರ ಇಷ್ಟದ ಮಾತೂ ಬಂತು. ಯಾವುದು ಹೆಚ್ಚು ಎಂಬುದು ಪ್ರಸಂಗದಿಂದ ಪ್ರಸಂಗಕ್ಕೆ ಬದಲಾಗುತ್ತಿತ್ತು. ಕಥೆಯಲ್ಲಿ ತನ್ನಿಷ್ಟ ಕೇಳುತ್ತಿರುವುದು ಗಂಡನೋ ಹೆಂಡತಿಯೋ ಎಂಬುದರ ಮೇಲೂ ಬದಲಾಗುತ್ತಿತ್ತು. ಇಷ್ಟದ ಮಾತು ಸುಲಭವಾಗಿ ಬಂದದ್ದು ಗಂಡನ ಪಾಲಿಗೆ. ಹೊಣೆಯ ಮಾತು ಬಂದದ್ದು ಹೆಂಡತಿಯ ಪಾಲಿಗೆ.